ಹದಿನೆಂಟನೆಯ ಉಗುರು

ಮೊಲಕ್ಕೆ ದನಿಯಿಲ್ಲ ಮಾರಾಯ, ನನಗೇನು ಕೆಲಸ
ಎಂದು ಹಡಪಸರದ ಮಂಗಲ ಕಾರ್ಯಾಲಯದ ಬಾಗಿಲಲ್ಲೇ ಕೇಳಿದ್ದೆ.
ದುಡ್ಡು ಬರುತ್ತಲ್ಲ, ಎಂದ ನಿರ್ದೇಶಕ.
ಹೆಡ್‌ಫೋನು ಏರಿಸಿದೆ.

ನಿನ್ನೆಯ ಮದುವೆಯ ಥರ್ಮಾಕೋಲು ಇನ್ನೂ ಗೋಡೆಯಲ್ಲಿ:
ಹುಡುಗನ ಹೆಸರು ಇಡಿಯಾಗಿ,
ಹುಡುಗಿಯದು ಅರ್ಧ ಕಳಚಿ.
ಅದರ ಕೆಳಗೆ ಎಂಬತ್ತು ಪಂಜರ.
ಅಕ್ಷತೆ ಗುಡಿಸದ ಜಮಖಾನದ ಮೇಲೆ
ಕಿವಿಯ ಉದ್ದಕ್ಕೊಂದು ಪಟ್ಟಿ, ತೂಕಕ್ಕೊಂದು ತಕ್ಕಡಿ,
ನಾಲ್ಕು ತಲೆಮಾರಿನ ವಂಶಾವಳಿ ತುಂಬುವ ಫಾರಂ.
ನಿನ್ನೆಯೂ ಇದನ್ನೇ ಕೇಳಿರಬೇಕು ಇಲ್ಲಿ,
ಫಾರಂ ಇಲ್ಲದೆ.

ಸದ್ದು ಇತ್ತು, ಕಿವಿ ಕೊಟ್ಟರೆ.
ನೀರಿನ ಬಾಟಲಿಯ ಬಾಯಲ್ಲಿ ಉಕ್ಕಿನ ಗುಂಡು ಟಿಕ್ ಟಿಕ್:
ಒಂದಕ್ಕೊಂದು ಸಮಯ ತಾಳೆಯಾಗದ ಎಂಬತ್ತು ಗಡಿಯಾರ.
ಕುದುರೆಮೆಂತ್ಯ ಕಡಿಯುವ ಕರಕರ.
ಹಿಂಗಾಲು ನೆಲಕ್ಕೆ ಒಮ್ಮೆ ಬಡಿದರೆ ಹೆದರಿಕೆ;
ಹಲ್ಲಿಗೆ ಹಲ್ಲು ತಾಗಿ ಸಣ್ಣಗೆ ಕಟಕಟ ಎಂದರೆ
ಅದು ಸುಖವಂತೆ.

ಹೇಳಿದವಳು ಗೌರಾಬಾಯಿ ಹತ್ತೂರೆ.
ಖಡಕಿಯ ಮದ್ದಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಕಾಡತೂಸು ಎಣಿಸಿದ ಬೆರಳು
ಈಗ ಕೋತವಾಲನ ಬೆನ್ನ ಮೇಲೆ.
ಕೋತವಾಲ: ಮೂಗಿನಿಂದ ಬಾಲದವರೆಗೆ ಕಾಡಿಗೆ.
ಕ್ಯಾಮೆರಾದ ಮುಂದೆ ಅಚ್ಚ ಮರಾಠಿ,
ಸೆರಗು ಸರಿಮಾಡಿಕೊಂಡು, ವಾಕ್ಯ ಮುಗಿಸಿ ಮುಗಿಸಿ.

ಆಮೇಲೆ, ಎದೆಯ ಮೈಕು ಮರೆತು,
ಮೊಲವನ್ನೆತ್ತಿಕೊಂಡು ಅಡುಗೆಮನೆಯ ಹಿಂದೆ ಹೋದಳು,
ಬೋರಲು ಹಾಕಿದ ಹಂಡೆಗಳ ನಡುವೆ.
ನನ್ನ ಕಿವಿಯೊಳಗೆ ಇದ್ದಕ್ಕಿದ್ದಂತೆ ಅಕ್ಕಲಕೋಟೆ:
'ಏ ಕಳ್ಳ, ಹದಿನೇಳು ಕರ್ರಗ ಅದಾವ,
ಇದೊಂದ ಯಾಕಲೇ ಬೆಳ್ಳಗ?
ಯಾವ ಮುತ್ತ್ಯಾಂದು ತಂದೀ ಇದನ್ನ?'
ಪುಣೆಯಲ್ಲಿ ಹದಿನಾಲ್ಕು ವರ್ಷ,
ಕನ್ನಡ ಕಿವಿಗೆ ಬಿದ್ದದ್ದು ಫೋನಿನಲ್ಲಿ ಮಾತ್ರ.
ಎದ್ದು ನಿಂತೆ, ಯಾರೋ ನನ್ನನ್ನೇ ಕರೆದ ಹಾಗೆ.

ಟಕ್.
ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದದ್ದು.
ಹನ್ನೊಂದು ಸೆಕೆಂಡು ಏನೂ ಇಲ್ಲ.
ಟಕ್.
'ನಡಿ.'

ತೀರ್ಪು ಹೇಳುವ ಫ್ರೇನಿ ದಸ್ತೂರ್
ತುಪ್ಪಳಕ್ಕೆ ಬಾಯಿಂದ ಗಾಳಿ ಊದಿ ಬೇರು ನೋಡಿದಳು,
ಮೊಲವನ್ನು ಅಂಗಾತ ಮಲಗಿಸಿ,
ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದೇ ಉಗುರು ಒರೆಸಿದಳು.
ಎಲ್ಲರದ್ದೂ ಒರೆಸುತ್ತಾಳೆ, ಅವಳ ರೂಢಿ.
ಹದಿನೆಂಟನೆಯದಕ್ಕೆ ಕೈ ನಿಂತಿತು.
ಉಗುರು ಬೆಳ್ಳಗೆ.
ಹತ್ತಿಯೂ ಬೆಳ್ಳಗೆ.
'ಬಾದ್,' ಎಂದಳು, ಬೇಸರದಿಂದಲೇ.
ಗೌರಾಬಾಯಿ ತಲೆಯಾಡಿಸಿದಳು,
ಬಸ್ಸು ತಪ್ಪಿತು ಎಂದವರಿಗೆ ಆಡಿಸುವ ಹಾಗೆ.

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜತೆ
ದಿನವೂ ಊಟ ಮಾಡುತ್ತೇನೆ; ನಾನೂ ಅವರಲ್ಲೊಬ್ಬ.
ನಾಲ್ಕನ್ನೂ ಮುಂದೆ ಚಾಚಿ ಕೊಟ್ಟವಳನ್ನು
ಅವತ್ತೇ ಕಂಡದ್ದು.

ಎಡಿಟಿಂಗ್ ಕೋಣೆಯಲ್ಲಿ ರಾತ್ರಿ ಎರಡಕ್ಕೆ
ನಿರ್ದೇಶಕ ನೆಟ್ಟಗೆ ಕೂತ: ಆ ಟಕ್ ಏನು?
ಯಾವ ಭಾಷೆ ಅದು? ಏನಂತಾಳೆ?
ಚಿತ್ರದ ಜೀವವೇ ಅಲ್ಲಿದ್ದಂತೆ ಅವನ ಕಣ್ಣು.
ಮೊಲದ ಹತ್ತಿರ ಏನೋ ಗೊಣಗುತ್ತಾಳೆ, ಎಂದೆ.
ಟಕ್ ಅಂದದ್ದು ಕೇಬಲ್ಲು. ತೆಗೆದುಬಿಡು.

ತೆಗೆದ. ಬಹುಮಾನದ ಬಿಳಿ ಮೊಲದ ಮೇಲೆ
ಶಹನಾಯಿ ಹಾಕಿ ಚಿತ್ರ ಮುಗಿಸಿದ.

ಆ ಹನ್ನೊಂದು ಸೆಕೆಂಡು ನನ್ನ ಹತ್ತಿರ ಇವೆ.
ಎಷ್ಟು ಏರಿಸಿದರೂ ಫ್ಯಾನಿನ ಗುಂಯ್, ದೂರದ ಹಾರ್ನು,
ಒಂಬತ್ತನೆಯದರಲ್ಲಿ ಹಲ್ಲಿಗೆ ಹಲ್ಲು ತಾಗಿದ್ದು.
ಪೆನ್ನಿನ ಮೊನೆ ಉಗುರಿಗೆ ಎಷ್ಟು ಹತ್ತಿರ ಬಂದಿತ್ತೋ,
ಅದಕ್ಕೆ ಸದ್ದಿಲ್ಲ.