ಪಾರುಪತ್ಯಗಾರನ ಶನಿವಾರ

ಪಾದ್ರಿಗೆ ಒಂಬತ್ತು ಸಭೆ, ಒಂದು ಮೋಟಾರ್ ಸೈಕಲ್.
ಥ್ಯೋಲೋ ಗುಡ್ಡದ ನಮ್ಮ ತಗಡಿನ ದೇವಾಲಯಕ್ಕೆ
ತಿಂಗಳಿಗೊಮ್ಮೆ ಬಂದರೆ ಬಂದ.
ಮಿಕ್ಕ ಭಾನುವಾರಗಳು ಹಿರಿಯರ ತಲೆಗೆ.
ನಾಳೆಯದು ನನ್ನ ತಲೆಗೆ.

ವಚನ ಅವನೇ ಚೀಟಿ ಬರೆದು ಕಳಿಸಿದ್ದಾನೆ:
ಮತ್ತಾಯ, ಇಪ್ಪತ್ತನೆಯ ಅಧ್ಯಾಯ, ದ್ರಾಕ್ಷಿತೋಟದ ಕೂಲಿಗಳು.
ಬೆಳಗ್ಗೆ ಬಂದವನಿಗೂ ಒಂದು ಪಾವಲಿ,
ಹೊತ್ತು ಮುಳುಗುವಾಗ ಬಂದವನಿಗೂ ಒಂದು ಪಾವಲಿ.
ಯಾರಿಗೆ ಕಳಿಸಿದ್ದಾನೆ ನೋಡಿ,
ಚಹಾತೋಟದ ತೂಕದ ಗುಮಾಸ್ತನಿಗೆ.

ಕರೆಂಟಿಲ್ಲ. ಬಸಿಯಲ್ಲಿ ಮೇಣದಬತ್ತಿ ನೆಟ್ಟು
ತೂಕಪಟ್ಟಿಗಳ ಬೆನ್ನ ಮೇಲೆ ಬರೆಯುತ್ತೇನೆ,
ಬೇರೆ ಕಾಗದ ಈ ಮನೆಯಲ್ಲಿಲ್ಲ.
"ಪ್ರಿಯರೇ, ದೇವರ ಕೃಪೆಗೆ ತಕ್ಕಡಿಯಿಲ್ಲ"
ಅಂತ ಶುರುಮಾಡಿದೆ.
ಓದಿಕೊಂಡೆ. ಚೆನ್ನಾಗಿತ್ತು.
ಹೊಡೆದು ಹಾಕಿದೆ.
ಸೋಮವಾರ ಅದೇ ಜನ
ನನ್ನ ತಕ್ಕಡಿಯ ಮುಂದೆ ಸಾಲು ನಿಲ್ಲುತ್ತಾರೆ.

"ಹೊಟ್ಟೆಕಿಚ್ಚು" ಅಂತ ಎರಡನೆಯ ಸಲ.
ದಿನವಿಡೀ ಬಿಸಿಲುಂಡು ದುಡಿದವನು ಗೊಣಗಿದರೆ
ಅದಕ್ಕೆ ಹೊಟ್ಟೆಕಿಚ್ಚೆಂದು ಹೆಸರಿಡುವ ನನಗೆ
ನೆರಳಲ್ಲೊಂದು ಕುರ್ಚಿ ಇದೆ.
ಅದನ್ನೂ ಹೊಡೆದೆ.

ಹೊರಗೆ ಮೆಲಿಫಾ ತೊಗರಿಕಾಯಿ ಬಿಡಿಸುತ್ತಿದ್ದಾಳೆ, ಕತ್ತಲಲ್ಲೇ,
ಬೆರಳಿಗೇ ಕಣ್ಣು.
ಗಟ್ಟಿಯಾಗಿ ಓದು ಅಂದಳು. ಓದಿದೆ.
ಸಂಜೆಯಾದಾಗ ತೋಟದ ಯಜಮಾನ
ಪಾರುಪತ್ಯಗಾರನನ್ನು ಕರೆದು ಹೇಳುತ್ತಾನಲ್ಲ,
ಕಡೆಯವರಿಂದ ಹಿಡಿದು ಕೂಲಿ ಕೊಡು ಅಂತ,
ಅಲ್ಲಿಗೆ ಬಂದಾಗ ಅವಳ ಕೈ ನಿಂತಿತು.

"ಅವನು ಏನಂದ?"
ಯಾರು?
"ಪಾರುಪತ್ಯಗಾರ."

ಹುಡುಕಿದೆ. ಬತ್ತಿ ಹತ್ತಿರ ಎಳೆದುಕೊಂಡು ಹುಡುಕಿದೆ.
ಯಜಮಾನ ಮಾತಾಡುತ್ತಾನೆ, ಕೂಲಿಗಳು ಮಾತಾಡುತ್ತಾರೆ.
ಲೆಕ್ಕ ಹಿಡಿದವನ ಬಾಯಲ್ಲಿ ಒಂದಕ್ಷರವಿಲ್ಲ.

ಹುಡುಗನಾದಾಗಿನಿಂದ ಕೇಳಿದ ಕತೆ,
ಅದರೊಳಗೆ ನನ್ನನ್ನು ಇವತ್ತೇ ಕಂಡದ್ದು.
ಚೀಲದ ಬಾಯಿ ಬಿಚ್ಚಿಕೊಂಡು ನಿಂತಿದ್ದಾನೆ,
ಕೈಗೆ ಬಂದ ಆಜ್ಞೆ, ಕೈಗೆ ಹತ್ತದ ಲೆಕ್ಕ.
ಕಿವಿಗೆ ಪೆನ್ಸಿಲೂ ಸಿಕ್ಕಿಸಿಕೊಂಡಿದ್ದನೋ ಏನೋ.

ನಮ್ಮಲ್ಲಿ ಒದ್ದೆ ಎಲೆಗೆ ಬುಟ್ಟಿಗೆರಡು ಕಿಲೋ ಕಡಿತ.
ಮಳೆ ಬಂದ ದಿನದ ನಿಯಮ.
ಮಳೆ ಬಾರದ ದಿನವೂ ಕೈ ತಾನೇ ಕಳೆಯುತ್ತದೆ.
ಕಳೆ ಅಂತ ಯಾರೂ ಹೇಳಿಲ್ಲ.
ಬೇಡ ಅಂತಲೂ.

ಜಾಗ ಮುಗಿದು ಹಾಳೆ ತಿರುಗಿಸಿದರೆ
ಈ ಗುರುವಾರದ ಪಟ್ಟಿ! ಆಫೀಸಿಗೆ ಹೋಗಬೇಕಾದದ್ದು
ಕತ್ತಲಲ್ಲಿ ಹಳೆಯವುಗಳ ಜೊತೆ ಸೇರಿಬಿಟ್ಟಿದೆ.
ಕಡೆಯ ಸಾಲು: ಫಲೇಸಿ ನಮಲೊಂಬಾ. ಸೊನ್ನೆ.
ಆಸ್ಪತ್ರೆಯ ಸಾಲಲ್ಲಿ ಕೂಸಿನ ಜೊತೆ ಅರ್ಧ ದಿನ ನಿಂತು,
ಮಧ್ಯಾಹ್ನ ಕಳೆದು ಬಂದು,
ಗಂಟೆ ಹೊಡೆದ ಮೇಲೆ ಬುಟ್ಟಿ ಇಳಿಸಿದಳು.
ಹನ್ನೊಂದು ಕಿಲೋ. ಮುಳ್ಳು ನಾನು ನೋಡಿದೆ.
ಅವಳೂ ನೋಡಿದಳು.
ಎಲೆ ಕಾರ್ಖಾನೆಗೆ ಹೋಯಿತು.
ಸೊನ್ನೆಯನ್ನು ನಾನು ದುಂಡಗೆ ಬರೆಯುತ್ತೇನೆ,
ಸಾಹೇಬರು ಹೊಗಳಿದ್ದಾರೆ.

ನಾಳೆ ಅವಳು ಎರಡನೆಯ ಚಾಪೆಯ ಮೇಲೆ
ಹಸಿರು ಚಿತೆಂಜೆಯಲ್ಲಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕೂತಿರುತ್ತಾಳೆ.
ಆಮೆನ್ ಅನ್ನುವುದರಲ್ಲಿ ಅವಳದೇ ಮೊದಲ ದನಿ.

ಮೆಲಿಫಾ ಒಳಗೆ ಬಂದು ಮೊರ ಕೆಳಗಿಟ್ಟಳು.
ಬರೆದಾಯಿತಾ?
ಇಲ್ಲ.
ಮಲಗು ಅನ್ನಲಿಲ್ಲ. ಇನ್ನೊಂದು ಬತ್ತಿಯ ತುಂಡು ತಂದು
ಬಸಿಯ ಪಕ್ಕ ಇಟ್ಟು ಹೋದಳು.

ಸೊನ್ನೆಯ ಮೇಲೆ ಬರೆದರೆ ತಿದ್ದಿದ್ದು ಕಾಣುತ್ತದೆ.
ಕಾಣಲಿ ಅಂತಲೇ ಒತ್ತಿ ಬರೆದೆ: ಹನ್ನೊಂದು.
ಸೋಮವಾರ ಕರೆಸಿ ಕೇಳುತ್ತಾರೆ.
ಹಾಳೆಯ ಬೆನ್ನಿಗೆ ಹೊಡೆದು ಹಾಕಿದ ಎರಡು ಪ್ರಸಂಗ ಬೇರೆ.
ಏನು ಹೇಳುವುದೋ ಗೊತ್ತಿಲ್ಲ,
ಆ ಪಾರುಪತ್ಯಗಾರ
ನನಗೊಂದು ಮಾತೂ ಉಳಿಸಿ ಹೋಗಿಲ್ಲ.

ಬೆಳಗಾಯಿತು. ಮರಕ್ಕೆ ಕಟ್ಟಿದ ರೈಲುಕಂಬಿಯ ತುಂಡನ್ನು
ಯಾವನೋ ಹುಡುಗ ಬಡಿಯುತ್ತಿದ್ದಾನೆ.
ಪ್ರಸಂಗಕ್ಕೆ ಕಡೆಯ ಸಾಲು ಸಿಕ್ಕಿದೆ.
ಮೊದಲಿನದು ದಾರಿಯಲ್ಲಿ ಸಿಗಬೇಕು.
ದಾರಿ ಹನ್ನೆರಡು ನಿಮಿಷದ್ದು.