ಅಕ್ಕಸಾಲಿ

ಹಾಸ್ಟೆಲಿನ ಮೂರನೇ ಮಾಳಿಗಿಯೊಳಗ
ಕೂಲರಿನ ಪಂಪು ಕೂತಿತ್ತು, ಬಿಚ್ಚಲಿಕ್ಕೆ ಹೋಗಿದ್ದೆ.
ಏಪ್ರಿಲ್ ಹತ್ತೊಂಬತ್ತು. ಪರೀಕ್ಷೆ ಮುಗಿಸಿ
ಹುಡುಗಿಯರೆಲ್ಲ ಊರಿಗೆ.
ಮಂಚದ ಕೆಳಗ ಗಾಜಿನ ಪೆಟ್ಟಿಗೆ,
ಹಸಿರು ಕಟ್ಟಿದ ನೀರು, ಮೂರು ಜೀವ.

ಮೀನಲ್ಲ. ಹಲ್ಲಿಯೂ ಅಲ್ಲ.
ಕಿವಿಯ ಜಾಗಕ್ಕೆ ಗರಿ ಮೂಡಿದ
ಬೆರಳುದ್ದದ ಬಿಳಿ ಕೂಸುಗಳು.
ನಗುವಂಥ ಬಾಯಿ, ನಗುತ್ತಿರಲಿಲ್ಲ.
ಒಂದಕ್ಕೆ ಬಲಗಡೆ ಮುಂಗಾಲಿಲ್ಲ.
ಒಂದರ ಗರಿ ಸುಟ್ಟ ಬತ್ತಿಯಂಗ.
ಇನ್ನೊಂದು ಬರೀ ತಲೆ, ಹಿಂದ ದಾರದಂಥ ಮೈ.

"ಗಟಾರಕ್ಕ ಸುರುವ್ರಿ, ವಾಸ್ನಿ ಹೊಡಿಯಾಕತ್ತದ"
ಅಂದರು ವಾರ್ಡನ್ ಬಾಯಿ.
ಕೂಲರಿನ ಟಬ್ಬಿಗೆ ಸುರುವಿಕೊಂಡು ಟಂಟಂ ಹತ್ತಿದೆ.
ಗೋಳಗುಮ್ಮಟ ದಾಟುತನಕ
ತೊಡೆಯ ಮ್ಯಾಲೆ ನೀರು ತುಳುಕುತ್ತಿತ್ತು.

ಪೆಟ್ಟಿಗೆಯ ಹುಡುಗಿ ಸಂಪದಾ ಫೋನಿನೊಳಗ ಅತ್ತಳು.
"ಆಕ್ಸೊಲಾಟಲ್ ಅಂಕಲ್, ಆಕ್ಸೊಲಾಟಲ್."
ಪಕ್ಕದಾಗಿದ್ದ ಜೈತುನ್‌ಬಿಗೆ
ಅಕ್ಕಸಾಲಿ ಅಂತ ಕೇಳಿಸಿತು.
ಹಸಿದಾಗ ಒಂದನ್ನೊಂದು ಕಚ್ಚುತಾವಂತ ಅಂದೆ.
"ಅಕ್ಕಸಾಲಿ ಅಕ್ಕನ ಬಂಗಾರಾನೂ ಬಿಡಂಗಿಲ್ಲ,
ಇದು ಅಕ್ಕನ ಕಾಲನ್ನ ನುಂಗೇದ ನೋಡ್ರಿ!"

ಮೂರಕ್ಕೂ ಮೂರು ಶ್ರೀಖಂಡದ ಡಬ್ಬಿ.
ದಿನಾ ಹೊಸ ನೀರು.
ನಳದ್ದು ಬ್ಯಾಡ, ಅದರ ಔಷಧಿ ಗರಿ ಸುಡತದ.
"ನಮ್ಮದು ಬೋರು, ಸವಳು" ಅಂದೆ ನಾಚಿಕೊಂಡು.
"ಅದs ಛಲೋ ಅಂಕಲ್."
ಹಂಡೆಗೆ ಸುಣ್ಣ ಕಟ್ಟುವ ನೀರು,
ಬ್ಯಾಳಿ ಬೇಯದ, ಸಾಬೂನಿಗೆ ನೊರೆ ಬಾರದ ನೀರು,
ಓಣಿಯೆಲ್ಲ ಬೈದು ತುಂಬಿಕೊಳ್ಳುವ ನೀರು
ಮೊದಲ ಸಲ ಯಾರಿಗೋ ಹಿಡಿಸಿತು.

ಹೊರಗ ನಲವತ್ತೆರಡು. ಅವಕ್ಕ ಹದಿನೆಂಟು ಬೇಕು.
ಇಪ್ಪತ್ತಾರು ವರ್ಷ ಮಂದಿಯ ಮನಿ ತಣ್ಣಗ ಮಾಡೀನಿ,
ನನ್ನ ಮನ್ಯಾಗ ಕೂಲರಿಲ್ಲ.
ಹಳೇ ಮೋಟರಿಗೆ ಮುರಿದ ಫ್ಯಾನು ಕಟ್ಟಿದೆ,
ಲಾವಂಚದ ಪಡದೆ, ಒದ್ದೆ ಗೋಣಿ,
ಬಾಗವಾನರ ಫ್ರಿಜ್ಜಿನಿಂದ ಬರ್ಫದ ಬಾಟಲಿ.
ರಾತ್ರಿ ಜೈತುನ್‌ಬಿ ಚಾಪೆ ಅಲ್ಲೇ ಎಳಕೊಂಡಳು.
"ಕಾವಲಿರತೀನಿ" ಅಂದಳು,
ಐದು ನಿಮಿಷಕ್ಕ ಗೊರಕೆ.

ಗಾಯಕ್ಕ ಚಹಾದ ಜಳಕ:
ಹಾಲಿಲ್ಲದ, ಸಕ್ಕರಿಲ್ಲದ ಕರೇ ಚಹಾ
ಆರಿಸಿ, ಸೋಸಿ, ನೀರಿಗೆ ತುಸು ಬೆರೆಸಿ, ಹತ್ತು ನಿಮಿಷ.
"ಮನಿಗೆ ಬಂದವರಿಗೆ ಚಹಾ ಕೊಡತಾರ,
ಚಹಾದಾಗ ಎರೆಯಾವರು ನೀವೊಬ್ಬರs."
ಬಚ್ಚಲ ಹಿಂದಿನ ಬಾಳೆಯ ಬುಡ ಕೆದರಿ
ಎರೆಹುಳ ಹುಡುಕಿದೆ, ಕತ್ತರಿಸಿದೆ,
ವೈರ್ ಹಿಡಿಯುವ ಚಿಮಟದಿಂದ
ಬಾಯಿಯ ಮುಂದ ಅಲ್ಲಾಡಿಸಿದೆ.
ಗರಿ ಸುಟ್ಟದ್ದು ಗಬಕ್ಕನೆ ನುಂಗಿತು.
ಕಾಲಿಲ್ಲದ್ದು ಮರುದಿನ.

ದಾರದಂಥದ್ದು ಬಾಯಿ ತೆರೆಯಲಿಲ್ಲ.
ಆರನೇ ಬೆಳಗ ಹೊಟ್ಟೆ ಮೇಲಾಗಿ ತೇಲಿತ್ತು.
ಕರಿಬೇವಿನ ಕುಂಡದಾಗ ಇಟ್ಟು ಮಣ್ಣು ಒತ್ತಿದೆ.
ಎರಡು ದಿನ
ಸಂಪದಾಳ ಫೋನ್ ಎತ್ತಲಿಲ್ಲ.

ಹದಿನೇಳನೇ ದಿನ ಭುಜದ ತುದಿಗೆ
ನವಣಿ ಕಾಳಿನಷ್ಟು ಉಬ್ಬು.
ತಿದಿ ಇಲ್ಲ, ಮೂಸೆ ಇಲ್ಲ, ಸುತ್ತಿಗೆಯ ಸಪ್ಪಳಿಲ್ಲ,
ಶ್ರೀಖಂಡದ ಡಬ್ಬಿಯೊಳಗ
ಅಕ್ಕಸಾಲಿ ಕೆಲಸಕ್ಕ ಕೂತಿತ್ತು.
ಮೇ ತಿಂಗಳೆಲ್ಲ ಕರೆಂಟು ಹೋಗಿ ಬಂದು ಮಾಡಿತು,
ನಾನು ಗೋಣಿಗೆ ನೀರು ಚಿಮುಕಿಸುತ್ತ ಕೂತಿದ್ದೆ.
ಸುಟ್ಟ ಬತ್ತಿಗೂ ತುದಿಯಲ್ಲಿ ಕೆಂಪು ಎಳೆ ಹುಟ್ಟಿತು,
ಇಳಕಲ್ಲ ಸೀರೆಯ ಸೆರಗು ಬಿಚ್ಚಿದಂಗ.

ಮೃಗಶಿರಾ ಮಳಿ ತಗಡಿನ ಮ್ಯಾಲೆ ಬಿದ್ದ ರಾತ್ರಿ
ಜೈತುನ್‌ಬಿ ಟಾರ್ಚು ಹಿಡಿದು ಎಣಿಸಿದಳು.
ಒಂದು, ಎರಡು, ಮೂರು, ನಾಕು.
"ಒಂದು ಬೆರಳು ಕಡಿಮಿ ಮಾಡೇದ, ಕಳ್ಳ!"
ಮುಂಗೈಗೆ ಅವಕ್ಕ ನಾಕs ಅಂದೆ.
ನಂಬಲಿಲ್ಲ, ಹಳೇ ಕೈಯನ್ನೂ ಎಣಿಸಿದಳು.
ಅಲ್ಲಿಯೂ ನಾಕು.
"ತೂಕದಾಗ ಮೋಸಿಲ್ಲ ಹಂಗಾದ್ರ."

ಸಂಪದಾ ಆಗಸ್ಟಿಗೆ ಬರತಾಳಂತ. ಬರಲಿ.
ಎರಡೂ ಡಬ್ಬಿ ಈಗ ಸಣ್ಣ ಆಗ್ಯಾವ.

ಪಂಪಿನ ಪಟ್ಟಾ ಕಚ್ಚಿದ ನನ್ನ ಹೆಬ್ಬೆಟ್ಟಿನ ಉಗುರು
ಮೂರು ವರ್ಷದಿಂದ ಅರ್ಧಕ್ಕ ನಿಂತದ.
ಮುಂಜಾನೆ ನೀರು ಬದಲಿಸುವಾಗ
ಆ ಕೈಯನ್ನು
ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು
ಡಬ್ಬಿಯೊಳಗ ಇಟ್ಟಿರತೀನಿ.