ಎರಡು ಬಾಟಲಿ

ಆರೂವರೆಗೆ ತೆಪ್ಪದ ಅಂಚಿನಲ್ಲಿ ಕೂತು
ಒಂದೇ ಕೊಡದ ನೀರನ್ನು ಎರಡು ಬಾಟಲಿಗೆ ಸುರಿಯುತ್ತೇನೆ.
ಗುಳ್ಳೆ ನಿಲ್ಲಬಾರದು. ಸಾಸಿವೆಯಷ್ಟು ನಿಂತರೂ
ಇಡೀ ದಿನ ಹಾಳು.

ಒಂದು ಬಾಟಲಿ ಹಾಗೇ, ಬರಿಮೈ.
ಇನ್ನೊಂದಕ್ಕೆ ಕರಿಬಟ್ಟೆಯ ಎರಡು ಸುತ್ತು, ಮೇಲೆ ರಬ್ಬರು.
"ಇದಕ್ಕೊಂದಕ್ಕೇ ಚಳಿಯೇನೆ?"
ಬಿದಿರು ಊರುತ್ತಾ ಕೇಳುತ್ತಾಳೆ ಗುತ್ಯಮ್ಮ.
ಬಟ್ಟೆ ಅವಳದೇ, ತೀರಿಹೋದ ಗಂಡನ ಕೊಡೆಯಿಂದ ಬಿಚ್ಚಿದ್ದು.
ನಾನು ತಂದಿದ್ದ ಬೆಳ್ಳಿಕಾಗದ
ಮೊದಲ ವಾರವೇ ಹರಿದಿತ್ತು.

ಹವಾಯಿ ಚಪ್ಪಲಿ ಕತ್ತರಿಸಿ ಮಾಡಿದ ತೇಲುಬೆಂಡು.
ಅದರ ಕೆಳಗೆ, ಮೊಳದಾಳದಲ್ಲಿ,
ಬೆಳಕಿನದೊಂದು ಕತ್ತಲಿನದೊಂದು ಅಕ್ಕಪಕ್ಕ ತೂಗುತ್ತವೆ.
ಒಂದರೊಳಗೆ ಕಣ್ಣಿಗೆ ಕಾಣದ ಹಸಿರು
ಬಿಸಿಲು ಬೇಯಿಸಿಕೊಳ್ಳುತ್ತದೆ;
ಆ ಒಲೆಯ ಹೊಗೆಯೇ ಉಳಿದವರ ಉಸಿರು.
ಇನ್ನೊಂದರೊಳಗೆ ಒಲೆ ಹೊತ್ತುವುದಿಲ್ಲ, ಬರೀ ಊಟ.
ಎರಡರ ನಡುವಿನ ವ್ಯತ್ಯಾಸವೇ
ಅವತ್ತು ಈ ಕೆರೆ ದುಡಿದ ಕೂಲಿ.

ಗುಡವಿ ಕಡೆಯಿಂದ ಕೆಂಬರಲು ಹಾರಿ ಬರುತ್ತವೆ.
ದಂಡೆಯ ಮರ ಹಿಕ್ಕೆಯಿಂದ ಸುಣ್ಣ ಬಳಿದ ಗೋಡೆ.
ಅದು ತೊಟ್ಟಿಕ್ಕಿದ ಮೂಲೆಯಲ್ಲಿ ನೀರು
ವಾರದೊಳಗೆ ಹೆಸರುಕಾಳಿನ ಬಣ್ಣ,
ಕಪ್ಪುಬಿಳುಪಿನ ತಟ್ಟೆ ಇಳಿಬಿಟ್ಟರೆ
ಮೊಣಕೈಯಷ್ಟರಲ್ಲೇ ಮಾಯ.

ಇದಕ್ಕೆಲ್ಲ ಆಹಾರ ಜಾಲ ಅಂತಾರೆ, ಎಂದೆ.
"ಜಾಲ ಅಂದ್ರೆ ಬಲೆ ತಾನೆ?
ಕಣ್ಣು ಎಷ್ಟು ಬೆರಳು?"

ಪುಸ್ತಕದಲ್ಲಿ ಇರಲಿಲ್ಲ ಅದು.
ಒದ್ದೆ ಹಲಗೆಯ ಮೇಲೆ ಬೆರಳಿನಿಂದ ಗೋಪುರ ಬರೆದೆ:
ಪಾಚಿ ಸಾವಿರ ಸೇರು, ನೀರುಚಿಗಟ ನೂರು,
ಪಕ್ಕೆಮರಿ ಹತ್ತು, ತುದಿಯಲ್ಲಿ ಕುಚ್ಚು ಒಂದು.
ಅವಳು ನೋಡುವ ಮೊದಲೇ ಬುಡ ಆರಿಹೋಯಿತು.
"ಹತ್ತು ತಿಂದ್ರೆ ಮೈಗೆ ಹತ್ತೋದು ಒಂದು,
ಅಷ್ಟೇ ತಾನೆ ನೀ ಹೇಳೋದು?
ಉಳಿದ ಒಂಬತ್ತು ಓಡಾಟಕ್ಕೆ, ಚಳಿಗೆ, ಜಗಳಕ್ಕೆ."
ನನ್ನ ಎರಡನೇ ಅಧ್ಯಾಯ ಅಲ್ಲಿಗೆ ಮುಗಿಯಿತು.

ಬಿಟ್ಟುಹೋದದ್ದನ್ನೂ ಅವಳೇ ಸೇರಿಸಿದಳು:
ಕುಚ್ಚಿನ ಮೇಲೆ ನೀರುನಾಯಿ,
ನೀರುನಾಯಿಯ ಮೇಲೆ ಕೆರೆಯ ಟೆಂಡರು ಹಿಡಿದ ಆನವಟ್ಟಿಯ ಸಾವಕಾರ,
ಅವನ ಮೇಲೆ ಯಾರೋ, ಅವಳಿಗೆ ಗೊತ್ತಿಲ್ಲ.
ಎಲ್ಲರ ಮೇಲೆ, ಕೊನೆಗೆ, ಕೆಸರಿನ ಹುಳ.

ರಾತ್ರಿ ಇಡೀ ಕೆರೆಯೇ ಕರಿ ಬಾಟಲಿ.
ಎಲ್ಲರೂ ಉಸಿರು ಉಣ್ಣುವವರೇ, ಬಡಿಸುವವರಿಲ್ಲ.
ನಸುಕಿಗೆ ಗೆಂಡೆಗಳು ಮೇಲೆ ಬಂದು ಬಾಯಿ ತೆರೆಯುತ್ತವೆ.
ಆ ಚಪ್ ಚಪ್ ಕೇಳಿಯೇ ಗುತ್ಯಮ್ಮ
ಚಾಪೆಯಲ್ಲಿ ಮಲಗಿದ್ದಲ್ಲೇ ಹೇಳುತ್ತಾಳೆ
ನೀರಿನಲ್ಲಿ ಇನ್ನೆಷ್ಟು ಜೀವ ಉಳಿದಿದೆ ಎಂದು.
ನನಗೆ ಅದಕ್ಕೆ ನಾಲ್ಕು ಸೀಸೆ ದ್ರಾವಣ ಬೇಕು,
ಬೇಸಿಗೆ ರಜೆಗೆ ಮುಚ್ಚಿದ ಶಾಲೆಯ ಜಗುಲಿ ಬೇಕು.
ನೀರು ಮೊದಲು ಕಂದು, ಆಮೇಲೆ ಹಾಲಿಲ್ಲದ ಚಾ,
ಗಂಜಿ ಬಿದ್ದೊಡನೆ ನೀಲಿ.
ನೀಲಿ ಹೋಗುವವರೆಗೆ ಹನಿ ಎಣಿಸುತ್ತೇನೆ.

ಏಪ್ರಿಲ್ ಹದಿನೇಳು.
ಕತ್ತಲ ಬಾಟಲಿಯಲ್ಲಿ
ಬೆಳಿಗ್ಗೆ ಇದ್ದದ್ದಕ್ಕಿಂತ ಹೆಚ್ಚು ಉಸಿರು.
ಮತ್ತೆ ಹನಿಸಿದೆ. ಹೆಚ್ಚೇ.
ದೀಪವಿಲ್ಲದ ಮನೆಯಲ್ಲಿ ಅಡುಗೆ ಮಾಡಿದವರ್ಯಾರು?

ಬಟ್ಟೆ ಬಿಚ್ಚಿ ಸೂರ್ಯನಿಗೆ ಹಿಡಿದೆ.
ಕೊಡೆಕಡ್ಡಿ ತಿಕ್ಕಿ ಸವೆದ ಕಡೆ ತೂತು;
ಎರಡು ಸುತ್ತಿನವೂ ಒಂದರ ಮೇಲೊಂದು
ಸರಿಯಾಗಿ ಕೂತಿದ್ದವು.
ನಾಲ್ಕಾಣೆಯಗಲ ಬಿಸಿಲು ಒಳಗಿಳಿದಿತ್ತು.
ಅಷ್ಟು ಸಾಕಾಗಿತ್ತು ಅವಕ್ಕೆ.

ಗುತ್ಯಮ್ಮ ತೂತಿನಲ್ಲಿ ಬೆರಳು ತೂರಿಸಿ ನಕ್ಕಳು.
"ಮಳೇಲಿ ಯಾವಾಗಲೂ ಈ ಕಡೀಗೇ ನನ್ನ ನಡಸ್ತಿದ್ದ ಕಣೆ."
ಸ್ವಲ್ಪ ಹೊತ್ತು
ಬೆರಳು ತೆಗೆಯಲಿಲ್ಲ.

ಶಿವಮೊಗ್ಗದಿಂದ ಮೇಡಂ ಫೋನಿನಲ್ಲಿ ಹೇಳಿದರು:
ಆ ಅಂಕಿ ಹೊಡೆದುಹಾಕು.
ಹೊಡೆದುಹಾಕಿದೆ, ಒಂದೇ ಗೆರೆ,
ಕೆಳಗಿನದು ಓದಲು ಬರುವ ಹಾಗೆ.

ಅವಳು ಎಲೆಯಲ್ಲಿ ಕಟ್ಟಿಕೊಟ್ಟ ಹುರಿದ ಪಕ್ಕೆ
ಹತ್ತಿದ್ದವು.
ಸೊರಬದ ಬಸ್ಸು ಬರುವಷ್ಟರಲ್ಲಿ ಒಂಬತ್ತು ಮುಗಿಸಿದ್ದೆ.
ಹತ್ತನೆಯದರ ಮೇಲೆ
ಕಲ್ಲುಬೆಂಚಿನ ಅಡಿಯಿಂದ
ಒಂದು ಬೆಕ್ಕಿನ ಕಣ್ಣು.